ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಬಂದ ಅಂತ ಟಿವಿ ಆರಿಸಬೇಡಿ, ಮೊದಲು ಇಷ್ಟು ನೋಡಿ

2017ರ ಡಿಸೆಂಬರ್ 10. ನ್ಯೂಜೆರ್ಸಿಯಲ್ಲಿ ಗೆಳೆಯನ ಮನೆ, ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ, ಈಗಲ್ಸ್ ಮತ್ತು ರ‍್ಯಾಮ್ಸ್. ಫಿಲಡೆಲ್ಫಿಯಾದ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಕಾರ್ಸನ್ ವೆಂಟ್ಜ್, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಗಳಿಸಲು ತಲೆ ಮುಂದು ಮಾಡಿ ಹಾರಿದ, ಇಬ್ಬರ ನಡುವೆ ಸಿಕ್ಕಿಬಿದ್ದ. ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಗ ಅದು ನೋಡುತ್ತಿದ್ದ ನಮಗ್ಯಾರಿಗೂ ಗೊತ್ತಿಲ್ಲ. ಆ ಟಚ್‌ಡೌನ್ ಪೆನಾಲ್ಟಿಯಿಂದ ರದ್ದಾಯಿತು, ಪುಣ್ಯಾತ್ಮ ಅದೇ ಕಾಲಲ್ಲಿ ನಿಂತು ಇನ್ನೊಂದು ಟಚ್‌ಡೌನ್ ಎಸೆದೇ ಹೊರಗೆ ಹೋದ. ಪಂದ್ಯ ಗೆದ್ದರು, 13ರಲ್ಲಿ 11ನೇ ಗೆಲುವು. ಆದರೂ ಗೆಳೆಯ ರಿಮೋಟ್ ಎತ್ತಿಕೊಂಡು "ಮುಗೀತು ಬಿಡು ಈ ವರ್ಷ" ಅಂದ.

ಎಂಟು ವಾರಕ್ಕೆ ಅದೇ ಸೋಫಾದ ಮೇಲೆ ಕೂತು ಕಿರುಚಾಡಿದೆವು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಈಗಲ್ಸ್ 41, ಪೇಟ್ರಿಯಟ್ಸ್ 33. ಬ್ಯಾಕಪ್ ನಿಕ್ ಫೋಲ್ಸ್ ಪಂದ್ಯದ ಅತ್ಯುತ್ತಮ ಆಟಗಾರ.

ಅವತ್ತಿನಿಂದ ನನಗೊಂದು ಅಭ್ಯಾಸ. ಬ್ಯಾಕಪ್ ಒಳಗೆ ಬಂದರೆ ನಾನು ಅವನನ್ನು ನೋಡುವುದು ಕೊನೆಗೆ. ಅವನ ಸುತ್ತ ಏನಿದೆ ಅನ್ನುವುದನ್ನು ಮೊದಲು ನೋಡುತ್ತೇನೆ. ನೀವೂ ಹಾಗೆ ಮಾಡಿ ನೋಡಿ, ಊಹೆ ಜಾಸ್ತಿ ಸರಿಹೋಗುತ್ತದೆ.

ಹೊಸಬರಿಗೆ ಒಂದು ಮಾತು. ಇವನು ಕ್ರಿಕೆಟ್‌ನ ಹನ್ನೆರಡನೇ ಆಟಗಾರನಂತೆ ಬರೀ ಫೀಲ್ಡಿಂಗ್‌ಗೆ ಬರುವವನಲ್ಲ. ತಂಡ ಚೆಂಡು ಹಿಡಿದಾಗೆಲ್ಲ ಆಟ ಶುರುವಾಗುವುದೇ ಕ್ವಾರ್ಟರ್‌ಬ್ಯಾಕ್ ಕೈಯಿಂದ. ಅವನು ಬಿದ್ದರೆ ಪೂರ್ತಿ ಕೆಲಸ ಬ್ಯಾಕಪ್ ತಲೆ ಮೇಲೆ. ತಮಾಷೆ ಏನೆಂದರೆ ವಾರದ ಅಭ್ಯಾಸದಲ್ಲಿ ಮುಖ್ಯ ತಂಡದ ಜೊತೆ ಎಸೆಯುವ ಅವಕಾಶ ಬಹುಪಾಲು ಮುಖ್ಯ ಆಟಗಾರನಿಗೇ. ಬ್ಯಾಕಪ್ ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನಂತೆ ನಟಿಸಿ ತನ್ನದೇ ತಂಡದ ಡಿಫೆನ್ಸ್‌ಗೆ ಅಭ್ಯಾಸ ಕೊಡುತ್ತಿರುತ್ತಾನೆ. ಅಂದರೆ ತನ್ನ ಆಟವನ್ನೇ ಅವನು ಆಡಿರುವುದಿಲ್ಲ.

ಅದಕ್ಕೇ ಮೊದಲ ಒಂದೆರಡು ಪಂದ್ಯ ನೋಡಿ ತೀರ್ಪು ಕೊಡಬೇಡಿ. ಚೆನ್ನಾಗಿ ಆಡಿದರೂ ಅಷ್ಟೇ, ಕೆಟ್ಟದಾಗಿ ಆಡಿದರೂ ಅಷ್ಟೇ. ಫೋಲ್ಸ್ ಆ ಸೀಸನ್‌ನಲ್ಲಿ ಮೊದಲ ಬಾರಿ ಆರಂಭಿಸಿದ ಪಂದ್ಯದಲ್ಲಿ ಜೈಂಟ್ಸ್ ವಿರುದ್ಧ ನಾಲ್ಕು ಟಚ್‌ಡೌನ್ ಎಸೆದ. ಎರಡು ವಾರದ ನಂತರ ಡಲ್ಲಾಸ್ ಎದುರು 11 ಎಸೆತದಲ್ಲಿ 4 ಮಾತ್ರ ಗುರಿ ಮುಟ್ಟಿದವು, ಒಟ್ಟು 39 ಯಾರ್ಡ್, ತಂಡಕ್ಕೆ ಸೊನ್ನೆ ಅಂಕ. ಯಾವುದನ್ನು ನಂಬುತ್ತೀರಿ? ಎರಡನ್ನೂ ನಂಬಬೇಡಿ.

ಬದಲಿಗೆ ಪಾಯಿಂಟ್ಸ್ ಟೇಬಲ್ ತೆಗೆಯಿರಿ. ಪ್ಲೇಆಫ್‌ನ, ಅಂದರೆ ಸೋತರೆ ಮನೆಗೆ ಹೋಗುವ ಹಂತದ, ಮೊದಲ ವಾರ ತಂಡಕ್ಕೆ ರಜೆ ಸಿಗುತ್ತದಾ? ಇದು ಸಣ್ಣ ವಿಷಯ ಅನಿಸಬಹುದು, ಅಲ್ವಾ? ಆದರೆ 1990ರ ಜೈಂಟ್ಸ್‌ನ ಜೆಫ್ ಹಾಸ್ಟೆಟ್ಲರ್, 1999ರ ರ‍್ಯಾಮ್ಸ್‌ನ ಕರ್ಟ್ ವಾರ್ನರ್, 2001ರ ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ, ಆಮೇಲೆ ಫೋಲ್ಸ್, ಮುಖ್ಯ ಆಟಗಾರ ಗಾಯಗೊಂಡ ಮೇಲೆ ಬಂದು ಸೂಪರ್ ಬೌಲ್ ಗೆದ್ದ ಈ ನಾಲ್ವರ ತಂಡಕ್ಕೂ ಆ ವಾರ ರಜೆ ಇತ್ತು. ರಜೆ ಅಂದರೆ ಒಂದು ಪಂದ್ಯ ಕಡಿಮೆ, ಒಂದು ವಾರ ಅಭ್ಯಾಸ ಜಾಸ್ತಿ. ಮೊದಲು ಲೀಗ್‌ನ ಎರಡು ಗುಂಪುಗಳಾದ ಕಾನ್ಫರೆನ್ಸ್‌ಗಳಲ್ಲಿ ತಲಾ ಎರಡು ತಂಡಕ್ಕೆ ಸಿಗುತ್ತಿತ್ತು, 2020ರಿಂದ ಮೊದಲ ಸ್ಥಾನದವರಿಗೆ ಮಾತ್ರ. ಹಾಗಾಗಿ ಈಗಿನ ಬ್ಯಾಕಪ್‌ಗಳ ದಾರಿ ಇನ್ನೂ ಕಷ್ಟ.

ರಜೆ ಇಲ್ಲದಿದ್ದರೆ ಏನಾಗುತ್ತದೆ ಅಂತ 2016ರ ರೇಡರ್ಸ್ ನೋಡಿ. ಡೆರೆಕ್ ಕಾರ್ ಡಿಸೆಂಬರ್ 24ಕ್ಕೆ ಕಾಲು ಮುರಿದುಕೊಂಡಾಗ ತಂಡ ಆ ಪಂದ್ಯವೂ ಸೇರಿ 12 ಗೆದ್ದಿತ್ತು. ಕೊನೆಯ ಪಂದ್ಯ ಸೋತು ರಜೆ ಕೈತಪ್ಪಿತು, ಎರಡನೆಯವನಿಗೂ ಪೆಟ್ಟಾಯಿತು, ಕಾನರ್ ಕುಕ್ ಎಂಬ ಹುಡುಗ ಜೀವನದಲ್ಲೇ ಮೊದಲ ಸಲ ಪಂದ್ಯ ಆರಂಭಿಸಿದ್ದು ನೇರ ಪ್ಲೇಆಫ್‌ನಲ್ಲಿ, ಅದೂ ಹ್ಯೂಸ್ಟನ್‌ನವರ ಮೈದಾನದಲ್ಲಿ. ಮೂರು ಸಲ ಚೆಂಡು ಎದುರಾಳಿ ಕೈಗೆ ಹೋಯಿತು. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅನ್ಯಾಯ. 1980ರಲ್ಲಿ ಇದೇ ರೇಡರ್ಸ್‌ನ ಜಿಮ್ ಪ್ಲಂಕೆಟ್ ರಜೆಯಿಲ್ಲದೆಯೂ ಕಪ್ ಗೆದ್ದಿದ್ದು ನಿಜ. ಆದರೆ ಅವನಿಗೆ ಅರ್ಧಕ್ಕಿಂತ ಜಾಸ್ತಿ ಸೀಸನ್ ಸಿಕ್ಕಿತ್ತು.

ಆಮೇಲೆ ಡಿಫೆನ್ಸ್. ತಂಡ ಪಂದ್ಯಕ್ಕೆ ಎಷ್ಟು ಅಂಕ ಬಿಟ್ಟುಕೊಡುತ್ತಿದೆ ನೋಡಿ. ಹಾಸ್ಟೆಟ್ಲರ್ ಕಥೆ ಪೂರ್ತಿ ಇದೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಕಾನ್ಫರೆನ್ಸ್ ಫೈನಲ್‌ನಲ್ಲಿ ಜೈಂಟ್ಸ್ ಒಂದೇ ಒಂದು ಟಚ್‌ಡೌನ್ ಹೊಡೆಯಲಿಲ್ಲ, ತಲಾ ಮೂರು ಅಂಕದ ಐದು ಫೀಲ್ಡ್ ಗೋಲ್ ಒದ್ದು 15-13ರಲ್ಲಿ ಗೆದ್ದರು. ಸೂಪರ್ ಬೌಲ್‌ನಲ್ಲಿ 60 ನಿಮಿಷದ ಆಟದಲ್ಲಿ 40 ನಿಮಿಷಕ್ಕಿಂತ ಜಾಸ್ತಿ ಚೆಂಡು ತಾವೇ ಇಟ್ಟುಕೊಂಡು, ಬಫಲೋದವರನ್ನು ಹೊರಗೆ ಕೂರಿಸಿ, 20-19. ನೋಡಲು ಬೋರು. ಆದರೆ ಬ್ಯಾಕಪ್ ಗೆಲ್ಲುವುದು ಬಹಳ ಸಲ ಹೀಗೇ. ಬ್ರೇಡಿ ತನ್ನ ಮೊದಲ ಸೂಪರ್ ಬೌಲ್ ಗೆದ್ದಾಗ ಎಸೆದದ್ದು ಬರೀ 145 ಯಾರ್ಡ್.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುವುದು ಕೋಚ್‌ಗಳನ್ನು. ಬ್ಯಾಕಪ್‌ಗೆ ಮುಖ್ಯ ಆಟಗಾರನ ಅಂಗಿಯನ್ನೇ ತೊಡಿಸುತ್ತಾರಾ, ಅಥವಾ ಅವನ ಅಳತೆಗೆ ಹೊಸದು ಹೊಲಿಸುತ್ತಾರಾ? ಈಗಲ್ಸ್ ಕೋಚ್ ಡಗ್ ಪೆಡರ್ಸನ್ ಸ್ವತಃ ಬ್ರೆಟ್ ಫಾರ್ವ್‌ಗೆ ಬ್ಯಾಕಪ್ ಆಗಿದ್ದವರು. ಅವರ ಆಫೆನ್ಸ್ ನೋಡಿಕೊಳ್ಳುತ್ತಿದ್ದ ಫ್ರಾಂಕ್ ರೈಕ್ ಕೂಡ ಬ್ಯಾಕಪ್ಪೇ, 1993ರ ಜನವರಿಯಲ್ಲಿ ಬಫಲೋ ಪರ 32 ಅಂಕ ಹಿಂದಿದ್ದ ಪ್ಲೇಆಫ್ ಪಂದ್ಯ ಗೆಲ್ಲಿಸಿದವರು. ಇಬ್ಬರೂ ಆ ರಜೆ ವಾರದ ಹೊತ್ತಿಗೆ ಫೋಲ್ಸ್‌ನ ಹಳೆಯ ವಿಡಿಯೋ ಹಾಕಿಕೊಂಡು, ನಿನಗೆ ಯಾವುದು ಹಿಡಿಸುತ್ತದೆ ಅಂತ ಅವನನ್ನೇ ಕೇಳಿದರು. 2013ರಲ್ಲಿ ಅವನು 27 ಟಚ್‌ಡೌನ್ ಎಸೆದು ಎರಡೇ ಸಲ ಚೆಂಡು ಕಳೆದುಕೊಂಡಿದ್ದ, ನೆನಪಿರಲಿ.

ಸಿಕ್ಕ ಉತ್ತರದಲ್ಲಿ ಮುಖ್ಯವಾದದ್ದು ಆರ್‌ಪಿಒ, ಅಂದರೆ ರನ್-ಪಾಸ್ ಆಪ್ಷನ್. ಟಿವಿಯಲ್ಲಿ ಗುರುತಿಸುವುದು ಸುಲಭ. ಚೆಂಡು ಕೈಗೆ ಬಂದಾಗ ಕ್ವಾರ್ಟರ್‌ಬ್ಯಾಕ್ ಅದನ್ನು ಪಕ್ಕದಲ್ಲಿ ಓಡುವವನ ಹೊಟ್ಟೆಗೆ ಒತ್ತಿ ಹಿಡಿದು ಎದುರಾಳಿಯ ಒಬ್ಬನನ್ನೇ ನೋಡುತ್ತಾನೆ. ಆ ಒಬ್ಬ ಮುಂದೆ ನುಗ್ಗಿದರೆ ಚೆಂಡು ಹಿಂದಕ್ಕೆಳೆದು ಅವನು ಬಿಟ್ಟ ಜಾಗಕ್ಕೆ ಎಸೆತ. ನುಗ್ಗದಿದ್ದರೆ ಚೆಂಡು ಓಡುವವನಿಗೇ. ಹನ್ನೊಂದು ಜನರನ್ನು ಓದುವ ಬದಲು ಒಬ್ಬನನ್ನು ಓದಿದರೆ ಸಾಕು. ಹೊಸದಾಗಿ ಬಂದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ. ಕಾನ್ಫರೆನ್ಸ್ ಫೈನಲ್‌ನಲ್ಲಿ ಮಿನೆಸೋಟ ವಿರುದ್ಧ 352 ಯಾರ್ಡ್, 38-7 ಗೆಲುವು. ಅಂದಹಾಗೆ ಆ ದಿನ ಎದುರಿಗಿದ್ದ ಕೇಸ್ ಕೀನಮ್ ಕೂಡ ಬ್ಯಾಕಪ್ ಆಗಿಯೇ ಸೀಸನ್ ಶುರು ಮಾಡಿದವನು.

ಕೋಚ್‌ಗೂ ಬ್ಯಾಕಪ್‌ಗೂ ಎಷ್ಟು ನಂಬಿಕೆ ಇದೆ ಅಂತ ತಿಳಿಯಬೇಕಾದರೆ ಟೈಮ್‌ಔಟ್ ಬಂದಾಗ ಟೀ ಮಾಡಲು ಏಳಬೇಡಿ. ಆ ಸೂಪರ್ ಬೌಲ್‌ನ ಮೊದಲಾರ್ಧ ಮುಗಿಯಲು 38 ಸೆಕೆಂಡ್, 15-12ರ ಮುನ್ನಡೆ, ಗೆರೆಗೆ ಒಂದು ಯಾರ್ಡ್, ಕೊನೆಯ ಅವಕಾಶ. ಸುಲಭದ ಮೂರು ಅಂಕ ಎದುರಿಗಿತ್ತು. ಫೋಲ್ಸ್ ಮೈದಾನದ ಅಂಚಿನಲ್ಲಿದ್ದ ಕೋಚ್ ಬಳಿ ಹೋಗಿ ಒಂದು ವಿಶೇಷ ಆಟದ ಹೆಸರು ಹೇಳಿ ಆಡೋಣವಾ ಅಂತ ಕೇಳಿದ. ಪೆಡರ್ಸನ್ ಒಂದು ಕ್ಷಣ ಸುಮ್ಮನಿದ್ದು ಹೂಂ ಅಂದರು. ಫೋಲ್ಸ್ ಏನೋ ಹೇಳಲು ಹೋದವನಂತೆ ಲೈನ್ ಹತ್ತಿರ ನಡೆದು ಸುಮ್ನೆ ನಿಂತ. ಚೆಂಡು ಅವನಿಗೆ ಬರಲಿಲ್ಲ, ಕೋರಿ ಕ್ಲೆಮೆಂಟ್ ಕೈಗೆ ಹೋಯಿತು. ಅಲ್ಲಿಂದ ಟ್ರೇ ಬರ್ಟನ್‌ಗೆ. ಬರ್ಟನ್ ಎಸೆದ, ಯಾರೂ ಕಾಯದ ಮೂಲೆಯಲ್ಲಿ ಫೋಲ್ಸ್ ಹಿಡಿದ. ಅದಕ್ಕೂ ಮೊದಲು ಅದೇ ಪಂದ್ಯದಲ್ಲಿ ಬ್ರೇಡಿ ತನ್ನ ಕಡೆ ಬಂದ ಇಂಥದ್ದೇ ಚೆಂಡನ್ನು ಕೈಬಿಟ್ಟಿದ್ದ.

ಇನ್ನೊಂದು. ಮುಖ್ಯ ಆಟಗಾರ ಗುಣವಾಗಿ ಬಂದರೆ ಯಾರನ್ನು ಆಡಿಸುತ್ತಾರೆ ಅನ್ನುವ ಜಗಳ. 2001ರಲ್ಲಿ ಪೇಟ್ರಿಯಟ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಗುಣವಾದ ಮೇಲೂ ಕೋಚ್ ಬಿಲ್ ಬೆಲಿಚಿಕ್ ಬ್ರೇಡಿಯನ್ನೇ ಉಳಿಸಿಕೊಂಡರು. ಆದರೂ ಪಿಟ್ಸ್‌ಬರ್ಗ್‌ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಬ್ರೇಡಿಯ ಪಾದದ ಕೀಲಿಗೆ ಪೆಟ್ಟಾದಾಗ ಒಳಗೆ ಬಂದು ಟಚ್‌ಡೌನ್ ಎಸೆದು ಪಂದ್ಯ ಉಳಿಸಿದವನು ಅದೇ ಬ್ಲೆಡ್ಸೋ. ಹಾಗಾಗಿ ಬೆಂಚ್ ಮೇಲೆ ಈಗ ಯಾರು ಕೂತಿದ್ದಾರೆ ಅಂತಲೂ ಒಮ್ಮೆ ನೋಡಿಕೊಳ್ಳಿ.

ಹಳೆಯ ಬಯೋಡೇಟಾ ನೋಡಿ ಮಾತ್ರ ಯಾರನ್ನೂ ತಳ್ಳಿಹಾಕಬೇಡಿ. ವಾರ್ನರ್ ಒಂದು ಕಾಲದಲ್ಲಿ ಐಯೋವಾದಲ್ಲಿ ದಿನಸಿ ಅಂಗಡಿಯ ಶೆಲ್ಫ್‌ಗೆ ಸಾಮಾನು ಜೋಡಿಸುತ್ತಿದ್ದವನು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಬ್ರೇಡಿ 199ನೇ ಆಯ್ಕೆ.

ಫೋಲ್ಸ್ ಮುಂದೆ ಏನಾದ ಅಂತ ಕೇಳುತ್ತೀರಿ. 2019ರಲ್ಲಿ ಜ್ಯಾಕ್ಸನ್‌ವಿಲ್ ತಂಡ ದೊಡ್ಡ ಮೊತ್ತ ಕೊಟ್ಟು ಅವನನ್ನು ಮುಖ್ಯ ಕ್ವಾರ್ಟರ್‌ಬ್ಯಾಕ್ ಮಾಡಿಕೊಂಡಿತು. ಮೊದಲ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಟಚ್‌ಡೌನ್ ಎಸೆಯುತ್ತಾ ಎಡಗಡೆಯ ಕಾಲರ್‌ಬೋನ್ ಮುರಿದುಕೊಂಡ. ಒಳಗೆ ಬಂದದ್ದು ಆರನೇ ಸುತ್ತಿನಲ್ಲಿ ಆಯ್ಕೆಯಾದ ಹೊಸ ಹುಡುಗ, ಗಾರ್ಡ್ನರ್ ಮಿನ್ಷೂ. 25 ಎಸೆತದಲ್ಲಿ 22 ಗುರಿ ಮುಟ್ಟಿದವು. ಗೆಳೆಯ ತಕ್ಷಣ ಫೋನ್ ಮಾಡಿ "ಇನ್ನೊಬ್ಬ ಫೋಲ್ಸ್ ಸಿಕ್ಕ ಮಾರಾಯ" ಅಂದ. ಡಿಫೆನ್ಸ್ ಅವತ್ತು 40 ಅಂಕ ಬಿಟ್ಟುಕೊಟ್ಟಿದೆ ನೋಡು ಅಂದೆ. ಆ ತಂಡ ಸೀಸನ್ ಮುಗಿಸಿದ್ದು 6 ಗೆಲುವು, 10 ಸೋಲಿಗೆ.