ಬಿಎ ಓದಿ ಅಂತರರಾಷ್ಟ್ರೀಯ ಸಂವಹನದ ಕೆಲಸಕ್ಕೆ: ಶುರು ಎಲ್ಲಿಂದ?

ನಾನು ಧಾರವಾಡದಲ್ಲಿ ಓದಿದ್ದು ಬಿಎ, ಎಚ್‌ಇಪಿ. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. "ಮುಂದೇನು, ಬಿಎಡ್ಡಾ?" ಅಂತ ಸೋದರಮಾವ ಕೇಳಿದ್ದರು. ಈಗ ಹೊರದೇಶದ ಸಂಸ್ಥೆಯೊಂದಕ್ಕೆ ಪತ್ರಿಕಾ ಪ್ರಕಟಣೆ ಬರೆಯುವುದೇ ನನ್ನ ಕೆಲಸ.

ಮೊದಲು ಬರವಣಿಗೆ ತಿದ್ದಿಕೊಳ್ಳಿ. ಪರೀಕ್ಷೆಗೆ ಬರೆದ ಉದ್ದನೆಯ ಉತ್ತರವೊಂದನ್ನು 200 ಪದಕ್ಕೆ ಇಳಿಸಿ. ಯಾರು, ಏನು, ಎಲ್ಲಿ, ಯಾವಾಗ ಎಲ್ಲವೂ ಮೊದಲ ಪ್ಯಾರಾದಲ್ಲೇ ಬರಬೇಕು. ಕುಡಿಯುವ ನೀರಿನ ಬಗ್ಗೆ ಬರೆದ ನನ್ನ ಮೊದಲ ಪ್ರಕಟಣೆಯನ್ನು ನಾನು ಬ್ರಿಟಿಷರ ಕಾಲದಿಂದ ಶುರು ಮಾಡಿದ್ದೆ! ನೀರಿನ ಸುದ್ದಿ ಬಂದಿದ್ದು ಮೂರನೇ ಪುಟದಲ್ಲಿ. ಹಾಗಂತ ಇತಿಹಾಸ ಓದಿದ್ದು ದಂಡವಾಗಲಿಲ್ಲ. ಈ ಅಂಕಿ ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಕೆದಕುವ ಚಟ ಅಲ್ಲಿಂದಲೇ ಬಂತು. ಈ ಕೆಲಸದಲ್ಲಿ ಜಾಸ್ತಿ ಬೇಕಾದದ್ದೂ ಅದೇ.

ಆಮೇಲೆ ಭಾಷೆ. ವಿಶ್ವಸಂಸ್ಥೆಗೆ 6 ಅಧಿಕೃತ ಭಾಷೆಗಳಿವೆ. ಆದರೆ ಅದರ ಸಚಿವಾಲಯದ ಕೆಲಸದ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಹಾಗಾಗಿ ನಾನು ಫ್ರೆಂಚ್ ಹಿಡಿದೆ. ಫ್ರೆಂಚ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ತರಗತಿಗಳಿವೆ. ಫ್ರೆಂಚ್ ಎಷ್ಟು ಬರುತ್ತದೆ ಅಂತ ಅಳೆಯುವ ಡೆಲ್ಫ್ ಪರೀಕ್ಷೆಯಲ್ಲಿ ಅತಿ ಮೇಲಿನ ಬಿ2 ಮಟ್ಟಕ್ಕೆ ಗುರಿಯಿಡಿ. ಶುರುವಿನ ಮಟ್ಟವಾದ ಎ1 ಸರ್ಟಿಫಿಕೇಟು ಸುಮ್ನೆ ಗೋಡೆಗೆ.

ಅನುಭವ ಬೇಕೆಂದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ, ಯುಎನ್‌ವಿ, ನೋಡಿ. 18 ತುಂಬಿದವರು ಮನೆಯಿಂದಲೇ ಆನ್‌ಲೈನ್‌ನಲ್ಲಿ ಬರೆಯುವ, ಅನುವಾದಿಸುವ ಕೆಲಸ ಮಾಡಬಹುದು. ಸಂಬಳವಿಲ್ಲ. ಮುಂದೆ ಅರ್ಜಿ ಹಾಕುವಾಗ ತೋರಿಸೋಕೆ ಏನಾದರೂ ಇರಬೇಕು, ಅಲ್ವಾ?