ದಾಖಲೆಗಳಿಂದಲೇ ಅರಸು ಅವರ ರಾಜಕೀಯ ಜೀವನ ಬರೆದದ್ದು: ನನ್ನ ಅನುಭವ

ದೇವರಾಜ ಅರಸು ಅವರ ರಾಜಕೀಯ ಜೀವನವನ್ನು ಬರೀ ದಾಖಲೆಗಳ ಆಧಾರದ ಮೇಲೆ ಬರೆಯುತ್ತೇನೆ ಎಂದಾಗ ಜೊತೆಯ ಬರಹಗಾರರಾರೂ ಒಪ್ಪಲಿಲ್ಲ. ರಾಜಕಾರಣಿಯ ಬದುಕು ಕಡತದಲ್ಲಿ ಸಿಗುವುದಿಲ್ಲ, ಅವರೊಂದಿಗೆ ಓಡಾಡಿದವರ ಬಾಯಲ್ಲಿ ಸಿಗುತ್ತದೆ ಎಂಬುದು ಅವರ ವಾದವಾಗಿತ್ತು. ಹಸ್ತಪ್ರತಿ ಮುಗಿದ ಮೇಲೆ ಅದೇ ಸ್ನೇಹಿತರು ದಿನಾಂಕ ಖಚಿತಪಡಿಸಿಕೊಳ್ಳಲು ನನಗೆ ಫೋನ್ ಮಾಡುತ್ತಿದ್ದಾರೆ.

ಸಂದರ್ಶನದ ದಾರಿಯನ್ನು ನಾನು ನೋಡದೆ ಬಿಟ್ಟವನಲ್ಲ. ಅರಸು ಅವರ ಕ್ಷೇತ್ರವಾಗಿದ್ದ ಹುಣಸೂರು ಸೀಮೆಯಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಹಿರಿಯರನ್ನು ಮಾತನಾಡಿಸಿದೆ. ಕಾರಿನ ಬಾಡಿಗೆ, ಧ್ವನಿಮುದ್ರಣವನ್ನು ಬರಹಕ್ಕಿಳಿಸಿದವರ ಸಂಭಾವನೆ ಎಲ್ಲ ಸೇರಿ ಎಪ್ಪತ್ತೆಂಬತ್ತು ಸಾವಿರ ರೂಪಾಯಿ ಖರ್ಚಾಯಿತು. ಅಭಿಮಾನ ಧಾರಾಳವಾಗಿ ಸಿಕ್ಕಿತು, ಕಾಲಕ್ರಮ ಸಿಗಲಿಲ್ಲ. ಬಹುಪಾಲು ಜನ 1972ರಿಂದ 1980ರವರೆಗೆ ಅವರು ಸತತವಾಗಿ ಮುಖ್ಯಮಂತ್ರಿಯಾಗಿದ್ದರೆಂದೇ ಹೇಳಿದರು. 1977ರ ಡಿಸೆಂಬರ್ 31ರಂದು ಸರ್ಕಾರ ಹೋಗಿ, ರಾಷ್ಟ್ರಪತಿ ಆಳ್ವಿಕೆ ಬಂದು, ಚುನಾವಣೆಯಲ್ಲಿ ಪಕ್ಷ 224ರಲ್ಲಿ 149 ಸ್ಥಾನ ಗೆದ್ದು, 1978ರ ಫೆಬ್ರವರಿ 28ರಂದು ಅವರು ಮತ್ತೆ ಅಧಿಕಾರ ವಹಿಸಿಕೊಂಡ ಆ ಎರಡು ತಿಂಗಳು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಅರಸು ಎದುರಿಸಿದ ಪರೀಕ್ಷೆಗಳಲ್ಲಿ ಅದೇ ದೊಡ್ಡದೆಂದು ನಾನು ಈಗಲೂ ನಂಬುತ್ತೇನೆ.

ಆಮೇಲೆ ಹಿಡಿದ ದಾರಿ ಇದು. ಪ್ರತಿ ನಿರ್ಧಾರಕ್ಕೂ ಒಂದು ಚೀಟಿ. ಎಡಭಾಗದಲ್ಲಿ ಸದನದ ನಡಾವಳಿ ಅಥವಾ ರಾಜ್ಯಪತ್ರದ ದಿನಾಂಕ, ಬಲಭಾಗದಲ್ಲಿ ಆ ನಿರ್ಧಾರ ಊರಿಗೆ ತಲುಪಿದ್ದಕ್ಕೆ ಸಾಕ್ಷಿ. ಎರಡೂ ಕಡೆ ತುಂಬದ ಚೀಟಿಯನ್ನು ಪುಸ್ತಕಕ್ಕೆ ಸೇರಿಸಲಿಲ್ಲ. ಗೇಣಿದಾರರಿಗೆ ಉಳುವ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತೆಂದು ಬರೆಯುವುದು ಸುಲಭ. ಒಂದು ಗೇಣಿದಾರ ಕುಟುಂಬ ಟ್ರಂಕಿನಿಂದ ತೆಗೆದು ತೋರಿಸಿದ ಕಾಗದಗಳಲ್ಲಿ ಆ ಹಕ್ಕು ಕೋರಿ ಹೆಬ್ಬೆಟ್ಟು ಒತ್ತಿದ ನಮೂನೆ 7ರ ಅರ್ಜಿಯ ಪ್ರತಿ, ಅಜ್ಜನ ಹೆಸರನ್ನು 12(2)ನೇ ಕಲಮಿನಲ್ಲಿ ಸಾಗುವಳಿದಾರನೆಂದು ಬರೆದಿದ್ದ 1973–74ರ ಪಹಣಿ, ಭೂನ್ಯಾಯ ಮಂಡಳಿಯ ಆದೇಶ, ಕೊನೆಗೆ ಹಕ್ಕು ಕೊಟ್ಟ ನಮೂನೆ 10, ಎಲ್ಲವೂ ಸಾಲಾಗಿ ಇದ್ದವು. ಮುಖ್ಯಮಂತ್ರಿಯೊಬ್ಬರ ಸಾಧನೆಯನ್ನು ಅಳೆಯಲು ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ಚೀಟಿ ಬೇರೆಯದೇ ಸಂಗತಿ ತೋರಿಸಿತು. 1972ರಲ್ಲಿ ನೇಮಕವಾದ ಆಯೋಗ 1975ರಲ್ಲಿ ವರದಿ ಕೊಟ್ಟರೂ ಮೀಸಲಾತಿಯ ಆದೇಶ ಹೊರಬಿದ್ದದ್ದು 1977ರ ಫೆಬ್ರವರಿಯಲ್ಲಿ. ಭೂಮಿಯ ವಿಷಯದಲ್ಲಿ ಅಷ್ಟು ಬಿರುಸಾಗಿ ನಡೆದವರು ಇಲ್ಲಿ ಹೆಜ್ಜೆ ಅಳೆದು ಇಟ್ಟರೆಂಬುದು, ದಿನಾಂಕಗಳನ್ನು ಅಕ್ಕಪಕ್ಕ ಇಟ್ಟಾಗ ತಾನಾಗಿಯೇ ಕಾಣುತ್ತದೆ.

ನಡುವೆ ಹಳೆಯ ನಡಾವಳಿಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಓದಿಸುವ ಪ್ರಯೋಗವನ್ನೂ ಮಾಡಿದೆ. ಅಚ್ಚುಮೊಳೆಯ ಮಸುಕು ಮುದ್ರಣದಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋದವು. ತಿದ್ದುವ ಶ್ರಮ ಹೊಸದಾಗಿ ಟೈಪ್ ಮಾಡುವುದಕ್ಕಿಂತ ಹೆಚ್ಚಾಯಿತು. ಮೂವತ್ತು ಸಾವಿರದಷ್ಟು ಅಲ್ಲಿಗೇ ಹೋಯಿತು. ಒಂದು ಗ್ರಂಥಾಲಯದಲ್ಲಂತೂ ಜೆರಾಕ್ಸ್ ಅನುಮತಿಗೇ ತಿಂಗಳುಗಟ್ಟಲೆ ಅಲೆದೆ.

ಸೂಚಿಯಿಲ್ಲದ ಸಂಪುಟಗಳಲ್ಲಿ ಅರಸು ಅವರ ಮಾತುಗಳನ್ನು ಬೇಗ ಪತ್ತೆಹಚ್ಚಲು ನಾನು ಕಂಡುಕೊಂಡ ಉಪಾಯವೊಂದಿದೆ. ಇನ್ನೊಬ್ಬ ನಾಯಕರ ಜೀವನಚರಿತ್ರೆ ಕೈಯಲ್ಲಿರುವುದರಿಂದ ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಉಳಿದ ಪದ್ಧತಿಯನ್ನು ಯಾರು ಬೇಕಾದರೂ ಬಳಸಬಹುದು: ಮೊದಲು ಅಧಿಕಾರ ವಹಿಸಿಕೊಂಡ ಮತ್ತು ಬಿಟ್ಟ ದಿನಾಂಕಗಳನ್ನು ಕಟ್ಟಿಕೊಳ್ಳಿ, ಆಮೇಲೆ ತಾಲ್ಲೂಕು ಕಚೇರಿಗೆ ಹೋಗಿ.