ನಗು ಕಳಿಸಿದರೆ ‘ಜೆ’ ತಲುಪುವುದೇಕೆ? ವಿಂಗ್‌ಡಿಂಗ್ಸ್‌ನಲ್ಲಿ ಗುಟ್ಟಿನ ಪತ್ರ ಬರೆಯುವ ಬಗೆ

ಕಚೇರಿಯ ಇಮೇಲುಗಳ ಕೊನೆಯಲ್ಲಿ, ‘ಧನ್ಯವಾದಗಳು’ ಎಂದಾದ ಮೇಲೆ, ಒಂಟಿಯಾಗಿ ನಿಂತ ಇಂಗ್ಲಿಷಿನ ‘ಜೆ’ ಅಕ್ಷರವನ್ನು ನೀವೂ ಕಂಡಿರಬಹುದು. ನಾನಂತೂ ಬಹುಕಾಲ ಅದನ್ನು ಬರೆದವರ ಇನಿಷಿಯಲ್ ಎಂದೇ ತಿಳಿದಿದ್ದೆ. ಅದು ವೇಷ ಕಳಚಿದ ನಗುಮುಖ. ಕೋಲನ್ ಮತ್ತು ಆವರಣ ಚಿಹ್ನೆಯನ್ನು ಒತ್ತಿದೊಡನೆ ಮೈಕ್ರೋಸಾಫ್ಟಿನ ಇಮೇಲ್ ತಂತ್ರಾಂಶವಾದ ಔಟ್‌ಲುಕ್‌ನ ಹಲವು ಆವೃತ್ತಿಗಳು ಅವನ್ನು, ಅಕ್ಷರಗಳ ಬದಲು ಚಿತ್ರಗಳಿರುವ ವಿಂಗ್‌ಡಿಂಗ್ಸ್ ಫಾಂಟಿನ ‘ಜೆ’ಗೆ ಬದಲಾಯಿಸಿಬಿಡುತ್ತವೆ. ಆ ಫಾಂಟಿನಲ್ಲಿ ‘ಜೆ’ ಇರಬೇಕಾದ ಜಾಗದಲ್ಲಿರುವುದು ನಗುವ ಮುಖ. ಫಾಂಟನ್ನು ತೋರಿಸಲಾಗದ ಪರದೆಗೆ ಪತ್ರ ಹೋದರೆ ನಗು ಮಾಯವಾಗಿ ‘ಜೆ’ ಮಾತ್ರ ಉಳಿಯುತ್ತದೆ.

ಈ ಎಡವಟ್ಟನ್ನೇ ಆಟವಾಗಿಸಬಹುದು. ಮೊದಲು ವರ್ಡ್ ತೆರೆದು, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಸಂದೇಶ ಟೈಪಿಸಿ, ಅದನ್ನು ಸೆಲೆಕ್ಟ್ ಮಾಡಿ ಫಾಂಟ್ ಪಟ್ಟಿಯಿಂದ ವಿಂಗ್‌ಡಿಂಗ್ಸ್ ಆರಿಸಿಕೊಳ್ಳಿ. ‘ಸಿ’ ಹೆಬ್ಬೆರಳೆತ್ತಿದ ಕೈಯಾಗುತ್ತದೆ, ‘ಡಿ’ ಹೆಬ್ಬೆರಳು ಕೆಳಗಿಳಿಸಿದ ಕೈ. ‘ಜೆ’, ‘ಕೆ’, ‘ಎಲ್’ ಮೂರೂ ಮುಖಗಳು: ಒಂದು ನಗು, ಒಂದು ನಿರ್ಲಿಪ್ತ, ಒಂದು ಸಪ್ಪೆ. ‘ಎನ್’ ತಲೆಬುರುಡೆ. ‘ಅಮ್ಮ’ ಎಂದು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುನೋಡಿ: ಗೆಲುವಿನ ಎರಡು ಬೆರಳೆತ್ತಿದ ಕೈ, ಬಾಂಬು, ಬಾಂಬು, ಮತ್ತೆ ಅದೇ ಕೈ! ಮಾತೃಭಕ್ತರು ಅರ್ಥ ಕೇಳಬಾರದು. ಕನ್ನಡ ಲಿಪಿಯಲ್ಲೇ ಟೈಪಿಸಿದರೆ ಮಾತ್ರ ಏನೂ ಬದಲಾಗದು, ಏಕೆಂದರೆ ಯೂನಿಕೋಡಿನಲ್ಲಿ (ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆಬೇರೆ ಸಂಕೇತ ಕೊಡುವ ವ್ಯವಸ್ಥೆ) ಕನ್ನಡಕ್ಕಿರುವ ಸಂಕೇತಗಳಿಗೆ ಈ ಫಾಂಟಿನಲ್ಲಿ ಚಿತ್ರಗಳೇ ಇಲ್ಲ.

ಪತ್ರವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಬೇಡಿ. ಅಲ್ಲಿಗೆ ಅಕ್ಷರದ ಸಂಕೇತ ಹೋಗುತ್ತದೆಯೇ ಹೊರತು ಫಾಂಟ್ ಹೋಗುವುದಿಲ್ಲವಾದ್ದರಿಂದ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಇಲ್ಲವೇ ವರ್ಡ್ ಕಡತವನ್ನೇ ಕಳಿಸಿ. ಕಡತ ಪಡೆದವರು ಫಾಂಟನ್ನು ಏರಿಯಲ್‌ಗೆ ಬದಲಿಸಿದರೆ ಓದಿಕೊಳ್ಳಬಹುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪಿಸಿದ ಲೇಖನವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು, ಸೊಟ್ಟಬಾಲದ ವಿಚಿತ್ರ ಅಕ್ಷರಗಳನ್ನು ನೋಡಿ ತಲೆ ಕೆರೆದುಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಚಾರ್ಲ್ಸ್ ಬಿಗೆಲೊ ಮತ್ತು ಕ್ರಿಸ್ ಹೋಮ್ಸ್ ವಿನ್ಯಾಸಗೊಳಿಸಿದ ಚಿಹ್ನೆಗಳನ್ನು ಪಡೆದು ಮೈಕ್ರೋಸಾಫ್ಟ್ 1990ರಲ್ಲಿ ವಿಂಗ್‌ಡಿಂಗ್ಸ್ ಫಾಂಟನ್ನು ರೂಪಿಸಿತು. 2014ರಲ್ಲಿ ಬಂದ ಯೂನಿಕೋಡ್ 7.0 ಇದರ ಅನೇಕ ಚಿಹ್ನೆಗಳಿಗೆ ಸ್ವಂತ ಸಂಕೇತಗಳನ್ನು ಕೊಟ್ಟಿತು.

ಇಮೇಲಿನಲ್ಲಿ ‘ಜೆ’ ಕಾಟ ಬೇಡವೆಂದರೆ, ನಗುಮುಖ ಮೂಡಿದ ತಕ್ಷಣ ಕಂಟ್ರೋಲ್ ಮತ್ತು ಝಡ್ ಒತ್ತಿ. ಕೋಲನ್, ಆವರಣ ಮರಳುತ್ತವೆ. ಚಿತ್ರವೇ ಬೇಕಾದರೆ ವಿಂಡೋಸ್ ಕೀಲಿಯೊಂದಿಗೆ ಚುಕ್ಕೆಯ ಕೀಲಿಯನ್ನೊತ್ತಿ, ತೆರೆದುಕೊಳ್ಳುವ ಎಮೋಜಿ ಪಟ್ಟಿಯಿಂದ ಆರಿಸಿ. ಆ ನಗುವಿಗೆ ತನ್ನದೇ ಯೂನಿಕೋಡ್ ಸಂಕೇತವಿರುವುದರಿಂದ ಅದು ‘ಜೆ’ಯಾಗಿ ಇಳಿಯುವುದಿಲ್ಲ.